ಒಂದು ಪ್ರಬಂಧದಿಂದ ನಾನು ಅಳಿಸಿದ ತಾತ

ಪಿಎಚ್.ಡಿ. ಪ್ರಬಂಧಗಳ ಮೊದಲ ಪುಟಗಳಲ್ಲಿ ‘ಕೃತಜ್ಞತೆಗಳು’ ಎಂದು ಒಂದು ಭಾಗ ಇರುತ್ತದೆ. ಮಾರ್ಗದರ್ಶಕರು, ತಂದೆತಾಯಿ, ಹೆಂಡತಿ ಅಥವಾ ಗಂಡ, ಗೆಳೆಯರು, ಗ್ರಂಥಾಲಯದವರು ಎಲ್ಲರೂ ಮುಗಿದ ಮೇಲೆ ಕಟ್ಟಕಡೆಯಲ್ಲಿ ಬೆರಳಚ್ಚು ಮಾಡಿದವನಿಗೆ ಒಂದು ಸಾಲು. ‘ಅಂದವಾಗಿ ಅಕ್ಷರ ಜೋಡಿಸಿಕೊಟ್ಟ ಶ್ರೀಯುತ ಇಂಥವರಿಗೆ.’ ಆ ಒಂದು ಸಾಲಿನ ಆಸೆಗೆ ನಾನು ಮಾಡಿದ ಕೆಲಸವನ್ನು ಬರೆಯಲು ಕೂತರೆ ಈಗಲೂ ಬಾಯಲ್ಲಿ ಹುಳಿನೀರು ಬರುತ್ತದೆ. ಆದರೂ ಬರೆಯುತ್ತೇನೆ.

ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಹಾಸನದಲ್ಲಿ ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿ, ಬೇಲೂರಿನಲ್ಲಿ ಕಚೇರಿಗಳ ಎದುರಿನ ಸಾಲಿನಲ್ಲಿ ಒಂದು ಕೋಣೆ ಹಿಡಿದೆ. ಅರ್ಜಿ, ತಕರಾರು, ಲಗ್ನಪತ್ರಿಕೆಯ ಕರಡು, ಏನು ಬಂದರೂ ಹೊಡೆಯುತ್ತಿದ್ದೆ. ತೊಂಬತ್ತರ ದಶಕದ ನಡುವೆ ಕಂಪ್ಯೂಟರ್ ತಂದೆ. ಆಮೇಲೆ ಪ್ರಬಂಧಗಳೂ ಬರತೊಡಗಿದವು. ದೇವಸ್ಥಾನದ ಶಿಲ್ಪ, ಹಳೇಬೀಡಿನ ಬಸದಿ, ಶಾಸನ ಎಂದು ಸಂಶೋಧನೆ ಮಾಡುವವರಿಗೆ ಈ ಕಡೆ ಬರಗಾಲವಿರಲಿಲ್ಲ. ಅವರಲ್ಲಿ ಕೆಲವರು ಕೈಬರಹದ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು.

ಅಂಥ ಒಂದು ಕಟ್ಟು ತಂದವರು ಗೆಂಡೆಹಳ್ಳಿ ಕಡೆಯ ಒಂದು ಹೈಸ್ಕೂಲಿನ ಅಧ್ಯಾಪಕಿ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಬಸ್ಸು ಹಿಡಿದು, ಮಧ್ಯಾಹ್ನದ ಹೊತ್ತಿಗೆ ನನ್ನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರ ವಿಷಯ ಹಳೇಬೀಡಿನ ಸುತ್ತಲಿನ ಸಣ್ಣ ಕೆರೆಗಳು, ಆ ಕೆರೆಗಳ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರುಗಂಟಿಗಳು. ಅವರ ತಾತನೇ ಹುಲಿಕೆರೆಯ ಆಚೆಯ ಒಂದು ಸಣ್ಣ ಊರಿನಲ್ಲಿ ನೀರುಗಂಟಿಯಾಗಿದ್ದವರು. ಕೆರೆಯ ನೀರು ಬಿಡುವ ತೂಬಿನ ಪಕ್ಕದ ಒಂದು ಕಲ್ಲಿನ ಮೇಲೆ ನಿಂತು, ತನ್ನ ನೆರಳನ್ನು ಹೆಜ್ಜೆಯಲ್ಲಿ ಅಳೆದು, ಈಗ ಇಂಥವರ ಗದ್ದೆಯ ಸರದಿ ಮುಗಿಯಿತು, ಇನ್ನು ಇಂಥವರದು ಎಂದು ಹೇಳುತ್ತಿದ್ದರಂತೆ. ಆ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲವಂತೆ. ಊರಿಗೆಲ್ಲ ನೀರು ಬಿಡುತ್ತಿದ್ದ ಆ ಮನುಷ್ಯ ಊರ ಬಾವಿಯ ಕಟ್ಟೆ ಮುಟ್ಟುವ ಹಾಗಿರಲಿಲ್ಲ ಎಂಬುದನ್ನೂ ಅವರು ಅದೇ ಪುಟದಲ್ಲಿ ಬರೆದಿದ್ದರು. ಕೋಪವಿಲ್ಲದೆ ಬರೆದಿದ್ದರು. ಅವರ ತಂದೆಯ ಕಾಲಕ್ಕೆ ಮನೆಯವರು ಬೌದ್ಧರಾಗಿದ್ದರು.

ಕರಡು ನೋಡುವಾಗ ಅವರು ಕೈಬರಹ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ನಾನು ಪರದೆಯ ಮೇಲೆ ಕಣ್ಣಿಟ್ಟು ತಪ್ಪು ಹುಡುಕುತ್ತಿದ್ದೆ. ‘ನನ್ನ ತಾತ ಹೇಳುತ್ತಿದ್ದಂತೆ’ ಎಂಬ ಮಾತು ಬಂದಾಗಲೆಲ್ಲ ಅವರ ದನಿ ಸ್ವಲ್ಪ ಮೇಲೇಳುತ್ತಿತ್ತು.

ನಾನು ಅವರ ಜೊತೆ ನಡೆದುಕೊಂಡ ರೀತಿಯನ್ನೂ ಹೇಳಬೇಕು. ಬೇರೆ ಟೀಚರುಗಳು ಬಂದರೆ ‘ಬನ್ನಿ ಮೇಡಂ’ ಎನ್ನುತ್ತಿದ್ದೆ, ಹೋಟೆಲಿನಿಂದ ಕಾಫಿ ತರಿಸುತ್ತಿದ್ದೆ. ಇವರಿಗೆ ‘ಏನಮ್ಮ’. ಕಾಫಿಯ ಮಾತೇ ಇಲ್ಲ. ಲೋಟದ ವಿಷಯ ನನ್ನ ತಲೆಯಲ್ಲಿತ್ತು. ಅವರು ಅದನ್ನು ಗಮನಿಸಲಿಲ್ಲ ಎಂದು ನಾನು ಆಗ ನಂಬಿಕೊಂಡಿದ್ದೆ. ಅವರಂತೂ ನನ್ನನ್ನು ‘ಅಣ್ಣ’ ಎಂದೇ ಕರೆಯುತ್ತಿದ್ದರು.

ಒಂದು ಸಲ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿಬಂದು ಬೇಜಾರಿನಲ್ಲಿ ಕೂತರು.

“ಪ್ರಬಂಧಗಳನ್ನೆಲ್ಲ ಬೀರೂನಲ್ಲಿಟ್ಟು ಬೀಗ ಹಾಕಿದಾರೆ ಅಣ್ಣ. ನೋಡ್ಬೇಕು ಅಂದ್ರೆ ಗೈಡ್ ಲೆಟರ್ ಬೇಕಂತೆ. ಲೆಟರ್ ತಗೊಂಡು ಹೋದ್ರೆ ಬೀಗದ ಕೈ ಇರೋರು ರಜಾ. ನಂದೂ ಮುಗಿದ್ಮೇಲೆ ಅದೇ ಬೀರು ಸೇರುತ್ತಲ್ಲ. ನಮ್ಮೂರೋರು ಹೋಗಿ ಓದೋಕಾಗುತ್ತಾ ಅಲ್ಲಿ?”

“ಪ್ರಬಂಧ ಓದೋಕೆ ಬರೆಯೋದಲ್ಲಮ್ಮ, ಡಿಗ್ರಿಗೆ ಬರೆಯೋದು,” ಎಂದೆ ನಾನು, ದೊಡ್ಡ ತಿಳಿದವನ ಹಾಗೆ.

“ನಾನು ಓದ್ಲಿ ಅಂತಾನೇ ಬರೀತಿರೋದು,” ಎಂದರು.

ಇನ್ನೊಬ್ಬ ಅರಸೀಕೆರೆಯ ಕಡೆಯ ಕಾಲೇಜಿನಲ್ಲಿ ಅಧ್ಯಾಪಕ. ಕೊಬ್ಬರಿ ಮಂಡಿ ಇಟ್ಟಿದ್ದ ಮನೆತನದವನು. ಪಿಎಚ್.ಡಿ. ಇಲ್ಲದೆ ಬಡ್ತಿ ನಿಂತಿತ್ತು. ಬೇರೆ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿ ಸುಮ್ಮನೆ ವರ್ಷ ಕಳೆದಿದ್ದ. ಕೆರೆಗಳ ಮೇಲೇ ಏನೋ ಮಾಡುವುದಾಗಿ ಬರೆದುಕೊಟ್ಟಿದ್ದನಂತೆ, ಒಂದು ಕೆರೆಯ ಏರಿಯನ್ನೂ ಹತ್ತಿರಲಿಲ್ಲ. ಯಾರೋ ಹೇಳಿ ನನ್ನ ಕೋಣೆಗೆ ಬಂದ. ಬಂದವನೇ ನನ್ನನ್ನು ‘ಸಾರ್’ ಎಂದ. ಎಸ್.ಎಸ್.ಎಲ್.ಸಿ. ಓದಿದವನನ್ನು ಒಬ್ಬ ಕಾಲೇಜು ಮೇಷ್ಟ್ರು ಸಾರ್ ಅನ್ನುವುದೆಂದರೆ! ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ನೀವೇನ್ ಬರೀ ಟೈಪಿಸ್ಟಾ ಸಾರ್? ನಿಮ್ ಕೈ ಮೇಲೆ ಎಷ್ಟು ಪಿಎಚ್.ಡಿ. ಹೋಗಿದಾವೆ! ನೀವೇ ಅರ್ಧ ಡಾಕ್ಟರು ಕಣ್ರೀ.”

ಕಾಫಿ ತರಿಸಿದೆ. ಮೂರನೆಯ ಸಲ ಬಂದಾಗ ವಿಷಯಕ್ಕೆ ಬಂದ.

“ಆ ಟೀಚರಮ್ಮಂದು ಏನೋ ಕೆರೆ ಮೇಲೆ ನಡೀತಿದೆಯಂತಲ್ಲ. ಒಂದ್ಸಲ ನೋಡೋಕೆ ಕೊಡಿ. ಅಧ್ಯಾಯ ಹೇಗೆ ಮಾಡಿದಾಳೆ ಅಂತ, ಅಷ್ಟೆ.”

“ಅವ್ರನ್ನ ಒಂದ್ಮಾತು ಕೇಳ್ಬೇಕಾಗುತ್ತೆ ಸಾರ್.”

“ಕೇಳಿ, ಬೇಡ ಅಂದೋರ್ಯಾರು? ಅವ್ಳಿಗೆ ಏನ್ ಅರ್ಜೆಂಟು ಹೇಳಿ. ಅವ್ರಿಗೆಲ್ಲ ಸರ್ಕಾರಾನೇ ಕೈ ಹಿಡ್ಕೊಂಡು ನಡೆಸುತ್ತೆ. ನಿಮಗೂ ನನಗೂ ಯಾರಿದಾರೆ ಸಾರ್?” ಎಂದು ನಕ್ಕ. “ಕೃತಜ್ಞತೇಲಿ ನಿಮ್ ಹೆಸರು ಕೊನೇಲಿ ಅಲ್ಲ, ಗೈಡ್ ಹೆಸರಿನ ಕೆಳಗೇ ಹಾಕಿಸ್ತೀನಿ ನೋಡಿ.”

ನಾನೂ ನಕ್ಕೆ. ಆ ನಗು ನೆನಪಾದರೆ ನನ್ನ ಹಲ್ಲುಗಳ ಮೇಲೇ ನನಗೆ ಅಸಹ್ಯ. ಅವನು ‘ನಿಮಗೂ ನನಗೂ’ ಎಂದನಲ್ಲ, ಆ ಜೊತೆಯೇ ನನಗೆ ಸಾಕಾಗಿತ್ತು. ಅಂದೇ ಅವರ ನಾಲ್ಕು ಅಧ್ಯಾಯಗಳಿದ್ದ ಫ್ಲಾಪಿಗಳನ್ನು ತೆಗೆದೆ.

ನೋಡಲು ಕೊಡುವುದು ಎಂದು ಶುರುವಾದದ್ದು ಒಂದು ವಾರದಲ್ಲಿ ಬೇರೆಯೇ ಆಯಿತು. ಅವನು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲಿದು ಸಿಪ್ಪೆಯನ್ನು ನೆಲಕ್ಕೆ ಉದುರಿಸುತ್ತಾ ಹೇಳುತ್ತಿದ್ದ, ನಾನು ಬದಲಾಯಿಸುತ್ತಿದ್ದೆ. ತಲೆಬರಹ ಬದಲಾಯಿತು. ಮುನ್ನುಡಿ ಬದಲಾಯಿತು. ಬಾವಿಕಟ್ಟೆಯ ಮಾತು ಇದ್ದ ಪುಟ ಹೋಯಿತು.

“ಇದೇನ್ರೀ, ಎಲ್ಲಿ ನೋಡಿದ್ರೂ ತಾತ ತಾತ! ಸಂಶೋಧನೆನೋ, ಮನೆ ಕತೆನೋ?” ಎಂದ. “ಅದಕ್ಕೆ ‘ಮಾಹಿತಿದಾರ’ ಅಂತ ಹಾಕ್ಬಿಡಿ.”

ಒಂದು ಪದವನ್ನು ಎಲ್ಲ ಕಡೆಯೂ ಒಟ್ಟಿಗೆ ಬದಲಾಯಿಸುವ ಸೌಲಭ್ಯ ಕಂಪ್ಯೂಟರಿನಲ್ಲಿ ಇತ್ತು. ಅದನ್ನು ಕಲಿತಿದ್ದು ನನಗೆ ಹೆಮ್ಮೆಯ ವಿಷಯ. ಅವನ ಮುಂದೆ ಆ ಚಮತ್ಕಾರ ತೋರಿಸುವ ಹುಮ್ಮಸ್ಸಿನಲ್ಲಿ ‘ನನ್ನ ತಾತ’ ಎಂದು ಹೊಡೆದು, ಕೆಳಗೆ ‘ಮಾಹಿತಿದಾರ’ ಎಂದು ಹೊಡೆದು, ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಮನುಷ್ಯ ಇಡೀ ಪ್ರಬಂಧದಿಂದ ಹೊರಟುಹೋದ.

“ಭೇಷ್ ಸಾರ್!” ಎಂದು ಅವನು ನನ್ನ ಭುಜ ತಟ್ಟಿದ.

ಅವನಿಗೆ ಡಿಗ್ರಿ ಬಂತು. ದಪ್ಪ ರಟ್ಟಿನ ಒಂದು ಪ್ರತಿಯನ್ನು ನನಗೂ ತಂದುಕೊಟ್ಟ. ಹೇಳಿದ ಹಾಗೆ ನನ್ನ ಹೆಸರು ಗೈಡ್ ಹೆಸರಿನ ಕೆಳಗೇ ಇತ್ತು. ಅದನ್ನು ಗಾಜಿನ ಬಾಗಿಲಿನ ಕಪಾಟಿನಲ್ಲಿ ಎದ್ದು ಕಾಣುವ ಹಾಗೆ ಇಟ್ಟು, ಬಂದವರಿಗೆಲ್ಲ ಆ ಪುಟ ತೆರೆದು ತೋರಿಸಿದೆ. ಶನಿವಾರ ಮಧ್ಯಾಹ್ನಗಳಲ್ಲಿ ಮಾತ್ರ ಅದರ ಮೇಲೆ ಟವೆಲ್ಲು ಹೊದಿಸುತ್ತಿದ್ದೆ. ಯಾಕೆಂದರೆ ಅವರ ಕೆಲಸ ಇನ್ನೂ ನಡೆಯುತ್ತಲೇ ಇತ್ತು. ಮಾರ್ಗದರ್ಶಕರು ಒಂದೊಂದು ಅಧ್ಯಾಯವನ್ನೂ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಅವನಿಗಿಂತ ಎರಡು ವರ್ಷ ಹಿಂದೆ ಬಿದ್ದು ಕೊನೆಗೆ ಅವರಿಗೂ ಡಿಗ್ರಿ ಆಯಿತು. ಅವರ ಪ್ರಬಂಧದ ಕೃತಜ್ಞತೆಯಲ್ಲೂ ಕಡೆಯ ಸಾಲಿನಲ್ಲಿ ನನ್ನ ಹೆಸರಿತ್ತು, ‘ಅಣ್ಣ’ ಎಂದು ಸೇರಿಸಿದ್ದರು. ಮೈಸೂರುಪಾಕಿನ ಪೊಟ್ಟಣ ಕೊಟ್ಟು ಹೋದರು. ಅವರು ಬಸ್ಸು ಹತ್ತಿದ ಮೇಲೆ ಆ ಪೊಟ್ಟಣವನ್ನು ಬಿಚ್ಚದೆ ಹಾಗೇ ಬೀದಿ ಗುಡಿಸುವವರಿಗೆ ಕೊಟ್ಟೆ. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ಕೆಲವು ವರ್ಷ ಏನೂ ಆಗಲಿಲ್ಲ. ಎರಡು ಪ್ರಬಂಧಗಳೂ ಎರಡು ಊರುಗಳ ಎರಡು ಬೀರುಗಳಲ್ಲಿ ಬೀಗದೊಳಗೆ ಇದ್ದವು. ಆ ಬೀಗ ನನ್ನನ್ನೂ ಕಾಯುತ್ತಿದೆ ಎಂದು ನನಗೆ ಹೊಳೆದಿರಲಿಲ್ಲ.

ಒಂದು ದಿನ ಅವರು ಶನಿವಾರವಲ್ಲದ ದಿನ ಬಂದರು. ಮುಖ ಅರಳಿತ್ತು.

“ನಮ್ ಯೂನಿವರ್ಸಿಟಿಯೋರು ಪ್ರಬಂಧಗಳನ್ನೆಲ್ಲ ಇಂಟರ್‌ನೆಟ್‌ನಲ್ಲಿ ಇಡ್ತಾರಂತೆ ಅಣ್ಣ! ಮುಕ್ತ ಭಂಡಾರ ಅಂತೆ. ಯಾವ ಊರಲ್ಲಿ ಕೂತಾದ್ರೂ ಯಾರು ಬೇಕಾದ್ರೂ ಓದ್ಬೋದು. ಲೆಟರ್ ಬೇಡ, ಬೀಗದ ಕೈ ಬೇಡ. ಒಪ್ಪಿಗೆ ಕೇಳಿದ್ರು, ಪೂರ್ತಿ ಓದದೇನೇ ಸೈನ್ ಹಾಕ್ಬಿಟ್ಟೆ. ಎಲ್ಲಾ ಕಡೆಯೋರೂ ಹಿಂಗೇ ಮಾಡ್ತಿದಾರಂತೆ ಈಗ.”

“ಎಲ್ಲಾ ಕಡೆಯೋರೂ?” ಎಂದೆ.

“ಹೂಂ. ಯಾಕಣ್ಣ?”

“ಏನಿಲ್ಲ ಬಿಡಮ್ಮ.”

ಮುಂದಿನದು ಬೇಗ ಬೇಗ ನಡೆಯಿತು. ಅರಸೀಕೆರೆಯವನ ವಿಶ್ವವಿದ್ಯಾಲಯವೂ ತನ್ನ ಹಳೆಯ ಪ್ರಬಂಧಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಹಾಗೇ ತೆರೆದಿಟ್ಟಿತು. ಎಲ್ಲೋ ದೂರದಲ್ಲಿ ಕೆರೆಗಳ ಬಗ್ಗೆ ಓದುತ್ತಿದ್ದ ಯಾರೋ ಎರಡನ್ನೂ ಓದಿ, ಇವೆರಡೂ ಒಂದೇ ಎಂದು ಇವರ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ತಾರೀಖು ನೋಡಿದರೆ ಅವನದು ಮೊದಲು, ಇವರದು ಆಮೇಲೆ. ನೋಟಿಸು ಬಂದದ್ದು ಇವರಿಗೆ.

ನೋಟಿಸು ಹಿಡಿದು ಅವರು ನನ್ನ ಎದುರು ನಿಂತರು.

“ಕೈಬರಹ ತೋರಿಸ್ದೆ ಅಣ್ಣ. ಅದನ್ನ ಯಾವಾಗ ಬೇಕಾದ್ರೂ ಬರ್ಕೋಬಹುದು ಅಂದ್ರು. ನೀವು ಆಗ ಫ್ಲಾಪೀಲಿ ಇಡ್ತಿದ್ರಲ್ಲ, ಅದ್ರಲ್ಲಿ ತಾರೀಖು ಇರುತ್ತಂತೆ. ಅವು ಇದಾವಾ?”

ಇದ್ದವು. ಅವರು ನಿಂತ ಜಾಗದಿಂದ ಎರಡು ಮಾರು ದೂರದಲ್ಲಿ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ.

“ಅಯ್ಯೋ, ಅವೆಲ್ಲ ಬೂಷ್ಟು ಹಿಡಿದ್ವಮ್ಮ. ಯಾವತ್ತೋ ಎಸ್ದೆ.”

“ಅವ್ರ ಪ್ರಬಂಧದಲ್ಲೂ ನಿಮ್ ಹೆಸರಿದೆ ಅಣ್ಣ.”

“ನಾನು ಎಷ್ಟೋ ಜನಕ್ಕೆ ಮಾಡಿಕೊಡ್ತೀನಿ. ಯಾರು ಮೊದ್ಲು, ಯಾರು ಆಮೇಲೆ ಅಂತ ನೆನಪಿಟ್ಕೊಳೋಕಾಗುತ್ತಾ?”

ಅವರು ನನ್ನ ಮುಖ ನೋಡಿದರು. ಆಮೇಲೆ ನೋಟಿಸನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದರು. ನಾನು ಬಾಗಿಲು ಮುಂದೆ ಮಾಡಿ, ಫ್ಲಾಪಿಗಳ ಹೊದಿಕೆ ಬಿಚ್ಚಿ, ಒಳಗಿನ ಕಪ್ಪು ಬಿಲ್ಲೆಗಳನ್ನು ಕತ್ತರಿಯಿಂದ ತುಂಡು ತುಂಡು ಮಾಡಿದೆ. ಅರಸೀಕೆರೆಯವನು ಹೇಳಿ ಮಾಡಿಸಿದ್ದಲ್ಲ. ಅವನು ಅಷ್ಟು ಹೊತ್ತಿಗೆ ನನ್ನ ಕೋಣೆಯ ದಾರಿಯನ್ನೇ ಮರೆತಿದ್ದ. ಅದು ನನ್ನದೇ ಕೆಲಸ.

ಅವರ ಪ್ರಬಂಧವನ್ನು ಭಂಡಾರದಿಂದ ತೆಗೆದರು. ವಿಚಾರಣೆ ಮುಗಿಯುವವರೆಗೆ ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳಬಾರದು ಎಂದು ಶಾಲೆಗೆ ಪತ್ರ ಬಂತು. ಪತ್ರ ಶಾಲೆಗೆ ಬಂದರೆ ಊರಿಗೆ ಬಂದ ಹಾಗೆಯೇ. ನನ್ನ ಪಕ್ಕದ ಕೋಣೆಯ ಅರ್ಜಿ ಬರೆಯುವವನು ಒಂದು ದಿನ ಹೋಟೆಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿದ:

“ಏನ್ಲಾ, ನಿನ್ನ ಕಾಪಿ ಮೇಡಂ ಕತೆ ಎಲ್ಲಿಗ್ ಬಂತ್ಲಾ? ಮಕ್ಕಳಿಗೆ ಕಾಪಿ ಹೊಡೀಬೇಡ್ರಿ ಅಂತ ಅದ್ಯಾವ್ ಬಾಯಲ್ಲಿ ಹೇಳ್ತಾಳಂತೆ?”

ಹೋಟೆಲು ನಕ್ಕಿತು. ನಾನು ಇಡ್ಲಿ ಮುರಿಯುತ್ತಾ ಕೂತೆ. ಇಡ್ಲಿ ಒಳಗೆ ಹೋಯಿತು. ನನಗೆ ಹೇಸಿಗೆ ಆಗುವುದು ಅದಕ್ಕೇ, ಅದು ಸಲೀಸಾಗಿ ಒಳಗೆ ಹೋಯಿತಲ್ಲ ಎಂದು.

ಆಷಾಢದಲ್ಲಿ ನಾನು ಬಸ್ ಸ್ಟ್ಯಾಂಡಿನ ಹಿಂದಿನ ಸೈಬರ್ ಸೆಂಟರಿಗೆ ಹೋಗತೊಡಗಿದೆ. ನನ್ನ ಕೋಣೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಪಶ್ಚಾತ್ತಾಪದಿಂದ ಹೋದದ್ದಲ್ಲ, ಹೆದರಿಕೆಯಿಂದ. ಅವನ ಪ್ರಬಂಧದಲ್ಲಿ ನನ್ನನ್ನು ಹಿಡಿದುಕೊಡುವುದು ಇನ್ನೇನಾದರೂ ಇದೆಯೇ ಎಂದು ನೋಡಬೇಕಿತ್ತು. ಯಾರನ್ನೂ ಕೇಳದೆ, ಯಾರ ಪತ್ರವೂ ಇಲ್ಲದೆ, ಅದು ನನಗೂ ತೆರೆದುಕೊಂಡಿತು. ಒಂದೊಂದು ಪುಟ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೂಡುತ್ತಿತ್ತು. ಹಲವು ಮಧ್ಯಾಹ್ನ ಕೂತು ಓದಿದೆ. ನಾನೇ ಹೊಡೆದ ಅಕ್ಷರ, ಅವರು ಗಟ್ಟಿಯಾಗಿ ಓದಿ ತಿದ್ದಿಸಿದ ವಾಕ್ಯ, ಎಲ್ಲ ಕಡೆ ‘ಮಾಹಿತಿದಾರ’.

ಮೂರನೆಯ ಅಧ್ಯಾಯದ ಕೊನೆಯಲ್ಲಿ ತೂಬಿನ ಒಂದು ಫೋಟೊ ಇತ್ತು. ಅದರ ಅಡಿಯಲ್ಲಿ ಹೀಗಿತ್ತು: ‘ನನ್ನ ತಾತ ನಿಲ್ಲುತ್ತಿದ್ದ ಕಲ್ಲು.’ ಪಕ್ಕದಲ್ಲಿ ಅವರ ಊರಿನ ಹೆಸರು.

ನನಗೆ ತಕ್ಷಣ ಗೊತ್ತಾಯಿತು. ಆಗ ನಾನು ಪುಟ ಜೋಡಿಸುತ್ತಿದ್ದ ತಂತ್ರಾಂಶದಲ್ಲಿ ಫೋಟೊಗಳ ಅಡಿಬರಹ ಮುಖ್ಯ ಬರಹದೊಳಗೆ ಸೇರುತ್ತಿರಲಿಲ್ಲ, ಬೇರೆಯೇ ಚೌಕದಲ್ಲಿ ಕೂರುತ್ತಿತ್ತು. ನಾನು ಒತ್ತಿದ ಗುಂಡಿ ಮುಖ್ಯ ಬರಹವನ್ನಷ್ಟೇ ಬದಲಾಯಿಸಿತ್ತು. ಉಳಿದ ಅಡಿಬರಹಗಳಲ್ಲಿ ಆ ಮಾತು ಇರಲಿಲ್ಲ, ಇದೊಂದರಲ್ಲಿ ಇತ್ತು. ಕೊಬ್ಬರಿ ಮಂಡಿಯವನ ತಾತ ಯಾವ ಕೆರೆಯ ತೂಬಿನ ಬಳಿಯೂ ನಿಂತವನಲ್ಲ. ಅಷ್ಟು ಪುಟಗಳನ್ನು ಅವನ ಪರೀಕ್ಷಕರು ನೋಡಿದ್ದರು, ಇವರ ವಿಚಾರಣೆಯವರು ನೋಡಿದ್ದರು. ತಾರೀಖು ನೋಡಿದ್ದರೇ ಹೊರತು ಫೋಟೊದ ಅಡಿಬರಹವನ್ನು ಟೀಚರೂ ಸೇರಿ ಯಾರೂ ಓದಿರಲಿಲ್ಲ.

ಸೈಬರ್ ಸೆಂಟರಿನವನನ್ನು ಕರೆದು ಕೇಳಿದೆ. ನಾನು ಮೊದಲು ಕೇಳಿದ್ದು ಏನೆಂಬುದನ್ನೂ ಬರೆಯಬೇಕಲ್ಲ.

“ಇಲ್ಲಿ ಒಂದು ಸಾಲು ಅಳಿಸೋಕಾಗುತ್ತೇನಪ್ಪ?”

ಅವನು ನಗಾಡಿದ. “ಅಳ್ಸೋಕೆ ನಿಮ್ಗ್ಯಾರು ಬಿಡ್ತಾರೆ ಯಜಮಾನ್ರೇ? ಅದು ಎಲ್ಲಾರ್ಗೂ ಐತೆ, ಆದ್ರೆ ಓದೋಕ್ ಮಾತ್ರ.”

ಅವರನ್ನು ಉಳಿಸುವ ಸಾಲು ಅದು. ಅದು ಇರುವುದು ಗೊತ್ತಿದ್ದವನು ನಾನೊಬ್ಬನೇ. ಆ ಮಳೆಗಾಲ ಪೂರ್ತಿ ನಾನು ಬಾಯಿ ಬಿಡಲಿಲ್ಲ. ಯಾರಾದರೂ ಒಂದು ದಿನ ಕಂಡಾರು, ನಾನು ಹೇಳಬೇಕಾದ್ದಿಲ್ಲ ಎಂದುಕೊಂಡೆ. ಯಾರಿಗೂ ಕಾಣಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಹೆಂಡತಿ ಅವರೇಕಾಯಿ ಸುಲಿಯುತ್ತಿದ್ದಳು. ಆ ಟೀಚರು ಕೆಲಸ ಬಿಟ್ಟುಬಿಡುತ್ತಾರಂತೆ, ಶಾಲೆಯ ಗೋಡೆ ಮೇಲೆ ಯಾರೋ ಏನೋ ಬರೆದಿದ್ದರಂತೆ ಎಂದು ಸುದ್ದಿ ಹೇಳಿದಳು. ನಾನು ಕೂತಲ್ಲೇ ಎಲ್ಲವನ್ನೂ ಹೇಳಿದೆ. ಮೈಸೂರುಪಾಕಿನದನ್ನೂ ಹೇಳಿದೆ. ಅವಳ ಕೈ ನಿಂತಿತು.

“ಅಣ್ಣ ಅಂತಿದ್ಲಲ್ರೀ ಆ ಹೆಣ್ಮಗಳು,” ಎಂದಳು. ಸುಲಿದ ಕಾಳನ್ನು ಮೊರಕ್ಕೆ ಸುರಿದು, “ನಾಳೆ ಹೋಗಿ ಹೇಳಿಬನ್ನಿ. ಹೇಳಿ ಬರೋಗಂಟ ನನ್ನ ಜೊತೆ ಮಾತಾಡ್ಬೇಡಿ,” ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಗೆಂಡೆಹಳ್ಳಿ ಬಸ್ಸು ಹತ್ತಿದೆ. ಶಾಲೆಯಲ್ಲಿ ಅವರು ಒಂದು ಖಾಲಿ ತರಗತಿಗೆ ಕರೆದುಕೊಂಡು ಹೋಗಿ ಬೆಂಚು ತೋರಿಸಿದರು. ಕೂರಲಿಲ್ಲ. ಪುಟದ ಸಂಖ್ಯೆ ಬರೆದ ಚೀಟಿ ಕೊಟ್ಟು ಎಲ್ಲವನ್ನೂ ಹೇಳಿದೆ. ಅವರು ಚೀಟಿ ನೋಡುತ್ತಾ ಕೇಳಿದರು:

“ಇದನ್ನ ಯಾವಾಗ ನೋಡಿದ್ರಿ?”

“ಆಷಾಢದಲ್ಲಿ.”

“ಈಗ ಕಾರ್ತಿಕ.”

ಕೈ ಮುಗಿಯಲು ಹೋದೆ. ಅವರು ತಡೆದರು.

“ಅದೆಲ್ಲ ಬೇಡ. ಬರ್ದು ಕೊಡಿ.”

ಅವರ ಮೇಜಿನ ಮೇಲಿನ ಹಾಳೆಯಲ್ಲೇ ಬರೆದೆ. ಅವರು ಓದಿದರು. ‘ಅಚಾತುರ್ಯದಿಂದ ಕೊಟ್ಟಿರುತ್ತೇನೆ’ ಎಂದು ಬರೆದಿದ್ದೆ. ಅರ್ಜಿಗಳನ್ನು ಹೊಡೆದು ಹೊಡೆದು ಕೈಗೆ ಬಂದಿದ್ದ ಮಾತು. ಅವರು ಕೆಂಪು ಪೆನ್ನಿನಲ್ಲಿ ಆ ಪದದ ಕೆಳಗೆ ಗೆರೆ ಎಳೆದರು, ಮಕ್ಕಳ ಉತ್ತರಪತ್ರಿಕೆಯಲ್ಲಿ ಎಳೆಯುವ ಹಾಗೆ.

“ಅಚಾತುರ್ಯ ಅಲ್ಲ ಅಲ್ವಾ?”

“ಅಲ್ಲ.”

“ಮತ್ತೆ?”

ಬೇರೆ ಹಾಳೆ ತೆಗೆದುಕೊಂಡು ‘ಬೇಕೆಂದೇ ಕೊಟ್ಟಿರುತ್ತೇನೆ’ ಎಂದು ಬರೆದೆ. ಫ್ಲಾಪಿ ಕತ್ತರಿಸಿದ್ದನ್ನೂ ಬರೆಸಿದರು. ಅಂದು ಒಂದು ಸಲವೂ ನನ್ನನ್ನು ಅಣ್ಣ ಎನ್ನಲಿಲ್ಲ.

ಅವರ ವಿಶ್ವವಿದ್ಯಾಲಯದ ವಿಚಾರಣೆಗೆ ನನ್ನನ್ನೂ ಕರೆದರು. ಉದ್ದನೆಯ ಮೇಜು, ಆಚೆ ನಾಲ್ಕು ಜನ, ಈಚೆ ಅವರು ಮತ್ತು ನಾನು. ಅರಸೀಕೆರೆಯವನ ಪ್ರಬಂಧವನ್ನು ಅಲ್ಲೇ ಕಂಪ್ಯೂಟರಿನಲ್ಲಿ ತೆರೆದು ಆ ಫೋಟೊಗೆ ಬಂದರು. ಅಧ್ಯಕ್ಷರು ಅಡಿಬರಹವನ್ನು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಯಾಕೆ ಕೊಟ್ರಿ? ಏನಾದ್ರೂ ತಗೊಂಡಿದ್ರಾ?”

“ಇಲ್ಲ.”

“ಹೆದರಿಸಿದ್ರಾ?”

“ಇಲ್ಲ.”

“ಮತ್ಯಾಕ್ರೀ?”

“ಅವ್ರು ನನ್ನ ಸಾರ್ ಅಂದ್ರು,” ಎಂದೆ.

ಮೇಜಿನ ಆಚೆ ಯಾರೋ ಮುಖ ಸಿಂಡರಿಸಿದರು. ಹೇಲು ತುಳಿದವನನ್ನು ನೋಡುವ ಹಾಗೆ ನೋಡಿದರು. ನನಗೆ ಅದು ಸರಿಯೆನಿಸಿತು. ‘ಇನ್ನೂ ಇದೆ, ಈಯಮ್ಮ ಯಾವ ಜನ ಅನ್ನೋದೂ ನನ್ನ ತಲೇಲಿತ್ತು’ ಎಂದೂ ಹೇಳಿದೆ. ಅದನ್ನು ಅವರ ಎದುರಿಗೆ ಹೇಳಿದ್ದು ಅದೇ ಮೊದಲು. ಅವರು ಕಿಟಕಿಯ ಕಡೆ ನೋಡುತ್ತಿದ್ದರು, ಹೊಸ ವಿಷಯ ಕೇಳಿದವರ ಹಾಗೆ ತಿರುಗಲಿಲ್ಲ. ಅವರಿಗೆ ಮೊದಲ ಶನಿವಾರದಿಂದಲೇ ಗೊತ್ತಿತ್ತು.

ಡಿಗ್ರಿ ಅವರದೇ ಎಂದು ಅಧ್ಯಕ್ಷರು ಅಂದೇ ಹೇಳಿದರು. ಒಂದೆರಡು ತಿಂಗಳಲ್ಲಿ ಅವರ ಪ್ರಬಂಧ ಭಂಡಾರಕ್ಕೆ ಮರಳಿತು. ಬಾವಿಕಟ್ಟೆಯ ಪುಟದ ಸಮೇತ ಈಗ ಯಾರು ಬೇಕಾದರೂ ಓದಬಹುದು. ಅವನದೂ ಇನ್ನೊಂದು ಭಂಡಾರದಲ್ಲಿ ಹಾಗೇ ಇದೆ. ಆ ವಿಶ್ವವಿದ್ಯಾಲಯಕ್ಕೆ ಕಾಗದಗಳು ಹೋದವು, ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಅವನು ಬಡ್ತಿಯಲ್ಲೇ ನಿವೃತ್ತನಾದ. ಅವನನ್ನು ನೆನೆದರೆ ಉಗಿಯಬೇಕೆನಿಸುತ್ತದೆ, ಆದರೆ ಅವನ ಆ ಪುಸ್ತಕದ ಒಂದೊಂದು ಅಕ್ಷರವನ್ನೂ ಒತ್ತಿದ್ದು ನನ್ನ ಬೆರಳು.

ವಿಚಾರಣೆಯ ಆ ಸಂಜೆ ಹಾಸನಕ್ಕೆ ಹೊರಟ ಬಸ್ಸಿಗೆ ನಾವಿಬ್ಬರೂ ಹತ್ತಿದೆವು. ಅವರು ಮೊದಲು ಹತ್ತಿದ್ದರು. ನಾನು ಹತ್ತುವಷ್ಟರಲ್ಲಿ ಬಸ್ಸು ತುಂಬಿತ್ತು, ಅವರ ಪಕ್ಕದ ಸೀಟೊಂದೇ ಖಾಲಿ.

“ಅಲ್ಲೈತಲ್ಲ ಯಜಮಾನ್ರೇ, ಕೂತ್ಕೊಳಿ,” ಎಂದು ಕಂಡಕ್ಟರ್ ಅವಸರ ಮಾಡಿದ.

ಅವರು ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ತೊಡೆಯ ಮೇಲಿದ್ದ ಬ್ಯಾಗನ್ನು ಎತ್ತಿ ಆ ಸೀಟಿನ ಮೇಲೆ ಇಟ್ಟರು. ಬೆಳಿಗ್ಗೆ ವಿಚಾರಣೆಗೆಂದು ತಂದಿದ್ದ ಕೈಬರಹದ ಕಟ್ಟು ಅದರೊಳಗಿತ್ತು, ಝಿಪ್ಪು ಹಾಕಲಾಗದಷ್ಟು ದಪ್ಪಗೆ.

“ಪರ್ವಾಗಿಲ್ಲಪ್ಪ, ನಿಂತ್ಕೋತೀನಿ,” ಎಂದು ಕಂಡಕ್ಟರಿಗೆ ಹೇಳಿ, ಮೇಲಿನ ಕಂಬಿ ಹಿಡಿದು ಹಾಸನದವರೆಗೂ ನಿಂತೇ ಬಂದೆ.